ಓರಿಯನ್‌ನ ಬೆರಳುಗಳನ್ನು ಮನೆಯಲ್ಲೇ ಕೂತು ಅಳೆಯುವುದು ಹೇಗೆ?

ಜನವರಿ ತಿಂಗಳ ಯಾವುದಾದರೂ ರಾತ್ರಿ ಎಂಟು ಗಂಟೆಗೆ ಮಹಡಿ ಹತ್ತಿ ಪೂರ್ವದ ಕಡೆ ನೋಡಿ. ಸಾಲಾಗಿ ಮೂರು ನಕ್ಷತ್ರ ಕಾಣುತ್ತವೆ. ಅದು ಮಹಾವ್ಯಾಧನ ಸೊಂಟದ ಪಟ್ಟಿ. ಇಂಗ್ಲಿಷಿನವರ ಓರಿಯನ್ ಅಂದರೆ ಇವನೇ. ಪಟ್ಟಿಯ ಪಕ್ಕದಲ್ಲಿ ಮಂಕಾದ ಇನ್ನೊಂದು ಪುಟ್ಟ ಸಾಲಿದೆ. ಅದು ಅವನ ಕತ್ತಿ. ಕತ್ತಿಯ ನಡುವಿನ ಚುಕ್ಕೆ ಮಾತ್ರ ಯಾಕೋ ಮಸುಕು. ಕಣ್ಣು ಉಜ್ಜಿಕೊಂಡು ನೋಡಿದರೂ ಮಸುಕೇ. ಅದು ಓರಿಯನ್ ನೀಹಾರಿಕೆ, ನಮ್ಮಿಂದ ಸುಮಾರು 1,350 ಜ್ಯೋತಿರ್ವರ್ಷ ದೂರ.

ಆ ಮಸುಕಿನ ಹಿಂದೆ ದೂಳಿನ ದಪ್ಪ ಮೋಡವಿದೆ. ಅದರೊಳಗೆ ಸೂರ್ಯನ ಹತ್ತಾರು ಪಟ್ಟು ತೂಗುವ ಎಳೆಯ ನಕ್ಷತ್ರಗಳಿವೆ. ಅಲ್ಲಿಂದ ಹೊರಗೆ ಎಸೆಯಲ್ಪಟ್ಟ ಅನಿಲ ನೂರಾರು ಕಡ್ಡಿಗಳಾಗಿ ಸಿಡಿದು ಹರಡಿದೆ. ಹಿಡಿಕಟ್ಟು ಬಿಚ್ಚಿಹೋದ ಕಡ್ಡಿಪೊರಕೆಯನ್ನು ನೆನಪಿಸಿಕೊಳ್ಳಿ, ಹೆಚ್ಚುಕಮ್ಮಿ ಹಾಗೇ. ಖಗೋಳದವರು ಇವುಗಳನ್ನು ಓರಿಯನ್‌ನ ಬೆರಳುಗಳು ಅನ್ನುತ್ತಾರೆ. ಬೆರಳ ತುದಿಗಳಿಗೆ ಬುಲೆಟ್ ಅಂತ ಹೆಸರು.

ಈ ಬೆರಳುಗಳ ಚಂದದ ಚಿತ್ರ ನೆಟ್‌ನಲ್ಲಿ ಬೇಕಾದಷ್ಟಿದೆ. ನೋಡಿ, ವಾಲ್‌ಪೇಪರ್ ಮಾಡಿಕೊಂಡು ಮುಂದೆ ಹೋಗುತ್ತೇವೆ. ಆದರೆ ಆ ಚಿತ್ರದ ಅಸಲಿ ಡೇಟಾ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಬಿದ್ದಿದೆ. ಅದನ್ನು ಇಳಿಸಿ, ಬಣ್ಣ ಕೂಡಿಸಿ, ಮೇಲೆ ಸ್ಕೇಲ್ ಇಟ್ಟು ಅಳೆದರೆ ಅಲ್ಲಿ ಏನಾಯಿತು, ಯಾವಾಗ ಆಯಿತು ಅನ್ನುವುದು ಗೊತ್ತಾಗುತ್ತದೆ. ಲೆಕ್ಕಕ್ಕೆ ಹೈಸ್ಕೂಲ್ ಗುಣಾಕಾರ ಸಾಕು. ಎರಡು ವಾರಾಂತ್ಯ ಬೇಕು. ತಾಳ್ಮೆ ಸ್ವಲ್ಪ ಜಾಸ್ತಿಯೇ ಬೇಕು.

ಶುರು ಮಾಡುವ ಮುಂಚೆ: ಇನ್‌ಫ್ರಾರೆಡ್ ಯಾಕೆ?

ಇನ್‌ಫ್ರಾರೆಡ್ ಅಂದರೆ ಕೆಂಪಿಗಿಂತ ಉದ್ದ ತರಂಗದ, ಕಣ್ಣಿಗೆ ಕಾಣದ ಬೆಳಕು. ದೂಳು ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವಷ್ಟು ಇನ್‌ಫ್ರಾರೆಡ್ ಅನ್ನು ತಡೆಯುವುದಿಲ್ಲ. ಎಷ್ಟು ವ್ಯತ್ಯಾಸ ಅಂತ ಒಂದು ಲೆಕ್ಕದಲ್ಲೇ ನೋಡೋಣ. ನಮಗೂ ಒಂದು ನಕ್ಷತ್ರಕ್ಕೂ ನಡುವೆ, ಕಾಣುವ ಬೆಳಕನ್ನು 20 ಮ್ಯಾಗ್ನಿಟ್ಯೂಡ್ (ನಕ್ಷತ್ರದ ಹೊಳಪಿನ ಅಳತೆ) ಕುಗ್ಗಿಸುವ ದೂಳಿದೆ ಅಂದುಕೊಳ್ಳಿ. ಅಂದರೆ ಬೆಳಕು 10 ಕೋಟಿ ಪಟ್ಟು ಮಂಕಾಗುತ್ತದೆ. ನಕ್ಷತ್ರ ಪೂರ್ತಿ ಮಾಯ. ಅದೇ ದೂಳು 2.2 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತರಂಗದ ಇನ್‌ಫ್ರಾರೆಡ್‌ನಲ್ಲಿ ಕುಗ್ಗಿಸುವುದು ಸುಮಾರು 2.2 ಮ್ಯಾಗ್ನಿಟ್ಯೂಡ್ ಮಾತ್ರ, ಅಂದರೆ ಬರೀ ಎಂಟು ಪಟ್ಟು. ಒಂದೇ ಗೋಡೆ, ಒಂದು ಬೆಳಕಿಗೆ ಕಲ್ಲಿನದು, ಇನ್ನೊಂದಕ್ಕೆ ಸೊಳ್ಳೆಪರದೆಯದು.

ಇನ್ನೊಂದು ಕಾರಣವೂ ಇದೆ. ವೇಗವಾಗಿ ಬರುವ ಅನಿಲ ನಿಂತಿರುವ ಅನಿಲಕ್ಕೆ ಡಿಕ್ಕಿ ಹೊಡೆದಾಗ ಹೈಡ್ರೋಜನ್ ಅಣುಗಳು ಸುಮಾರು 2,000 ಕೆಲ್ವಿನ್‌ವರೆಗೆ ಕಾಯುತ್ತವೆ. ಹಾಗೆ ಕಾದ ಅಣುಗಳು 2.12 ಮೈಕ್ರಾನ್‌ನಲ್ಲಿ ಬೆಳಗುತ್ತವೆ. ಡಿಕ್ಕಿ ಇನ್ನೂ ಜೋರಾದರೆ ಅಣು ಒಡೆದೇ ಹೋಗುತ್ತದೆ. ಆಗ ಹೈಡ್ರೋಜನ್ ಸುಮ್ಮನಾಗಿ, ದೂಳಿನ ಕಣಗಳಿಂದ ಬಿಡಿಸಿಕೊಂಡ ಕಬ್ಬಿಣ 1.64 ಮೈಕ್ರಾನ್‌ನಲ್ಲಿ ಹೊಳೆಯುತ್ತದೆ. ಅಂದರೆ 2.12 ಅಂದರೆ ಸಾಧಾರಣ ಏಟು, 1.64 ಅಂದರೆ ಬಲವಾದ ಏಟು. ಇದನ್ನೊಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಕೊಳ್ಳಿ. ಮುಂದಿನ ಅರ್ಧ ಕೆಲಸ ಇದರ ಮೇಲೇ ನಿಂತಿದೆ.

ಹೆಜ್ಜೆ 1: ಎಷ್ಟು ಸೂಕ್ಷ್ಮ ಬೇಕು ಅಂತ ಮೊದಲು ತಿಳಿದುಕೊಳ್ಳಿ

ಭಾರಿ ನಕ್ಷತ್ರಗಳ ಹುಟ್ಟನ್ನು ನೋಡುವುದು ಕಷ್ಟ. ಅವು ಸಂಖ್ಯೆಯಲ್ಲಿ ಕಮ್ಮಿ, ಹಾಗಾಗಿ ಸಾಮಾನ್ಯವಾಗಿ ಸಾವಿರಾರು ಜ್ಯೋತಿರ್ವರ್ಷ ದೂರದಲ್ಲಿರುತ್ತವೆ. ಒಂಟಿಯಾಗಿ ಹುಟ್ಟುವುದಿಲ್ಲ, ಗುಂಪಿನಲ್ಲಿ ಹುಟ್ಟುತ್ತವೆ. ಬೆಳೆಯುವುದೂ ಬೇಗ. ಮೋಡದ ಕಂಬಳಿ ಸರಿಯುವ ಹೊತ್ತಿಗೆ ಬಾಲ್ಯ ಮುಗಿದಿರುತ್ತದೆ. ಈ ಜಾತಿಯ ಊರುಗಳಲ್ಲಿ ನಮಗೆ ತೀರ ಹತ್ತಿರದ್ದು ಓರಿಯನ್. ಅದಕ್ಕೇ ಅಭ್ಯಾಸಕ್ಕೆ ಇದನ್ನೇ ಹಿಡಿಯುವುದು ಒಳ್ಳೆಯದು.

ಆಕಾಶದಲ್ಲಿ ಅಳತೆ ಆರ್ಕ್‌ಸೆಕೆಂಡ್ ಲೆಕ್ಕದಲ್ಲಿ. ಒಂದು ಡಿಗ್ರಿಯ 3,600ನೇ ಪಾಲು. ನಾವು ಅಳೆಯಲಿರುವ ಚಿತ್ರ ತೆಗೆದದ್ದು ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ಟೆಲಿಸ್ಕೋಪ್. ಅದರ ಕನ್ನಡಿ 6.5 ಮೀಟರ್ ಅಗಲ. 2.12 ಮೈಕ್ರಾನ್‌ನಲ್ಲಿ ಅದು ಸುಮಾರು 0.07 ಆರ್ಕ್‌ಸೆಕೆಂಡ್‌ವರೆಗೆ ಬಿಡಿಸಿ ನೋಡುತ್ತದೆ. ಹತ್ತು ರೂಪಾಯಿ ನಾಣ್ಯವನ್ನು 80 ಕಿಲೋಮೀಟರ್ ದೂರದಲ್ಲಿಟ್ಟರೆ ಅದು ಕಾಣುವಷ್ಟು ಗಾತ್ರ. ಬೆಂಗಳೂರಲ್ಲಿ ನಿಂತು ತುಮಕೂರಿಗೂ ಆಚೆ ಇರುವ ನಾಣ್ಯವನ್ನು ನೋಡಿದ ಹಾಗೆ. ಓರಿಯನ್‌ನ ದೂರದಲ್ಲಿ ಇದೇ 0.07 ಅಂದರೆ ಭೂಮಿ-ಸೂರ್ಯರ ದೂರದ 29 ಪಟ್ಟು. ಸೂರ್ಯನಿಂದ ನೆಪ್ಚೂನ್‌ಗೆ ಇರುವ ದೂರ ಅದರಷ್ಟೇ ಇದೆ. ಅಂದರೆ ನಮ್ಮ ಗ್ರಹಗಳೆಲ್ಲ ಸುತ್ತುವ ಅಂಗಳ ಆ ಚಿತ್ರದಲ್ಲಿ ಎರಡು-ಮೂರು ಚುಕ್ಕೆಯಷ್ಟು.

ನೆಲದ ಮೇಲಿನ ಟೆಲಿಸ್ಕೋಪಿಗೆ ಗಾಳಿಯ ಕಾಟ. ಕನ್ನಡಿ ಎಷ್ಟೇ ದೊಡ್ಡದಿರಲಿ, ಗಾಳಿ ಅಲುಗಾಡಿ ಚಿತ್ರವನ್ನು ಅರ್ಧ-ಒಂದು ಆರ್ಕ್‌ಸೆಕೆಂಡಿಗೆ ಕದಡುತ್ತದೆ. ಇದಕ್ಕೆ ಮದ್ದು ಅಂದರೆ ಅಡಾಪ್ಟಿವ್ ಆಪ್ಟಿಕ್ಸ್. ಆಕಾಶಕ್ಕೆ ಹಳದಿ ಲೇಸರ್ ಬಿಟ್ಟು, ಸುಮಾರು 90 ಕಿಲೋಮೀಟರ್ ಎತ್ತರದ ಸೋಡಿಯಂ ಪದರದಲ್ಲಿ ಹುಸಿ ನಕ್ಷತ್ರ ಹೊತ್ತಿಸುತ್ತಾರೆ. ಅದು ಎಷ್ಟು ನಡುಗುತ್ತದೆ ನೋಡಿ, ಕನ್ನಡಿಯನ್ನು ಸೆಕೆಂಡಿಗೆ ನೂರಾರು ಸಲ ಬಾಗಿಸಿ ಸರಿಮಾಡುತ್ತಾರೆ. ಚಿಲಿ ದೇಶದಲ್ಲಿರುವ 8.1 ಮೀಟರ್‌ನ ಜೆಮಿನಿ ಸೌತ್ ಐದು ಲೇಸರ್ ನಕ್ಷತ್ರ ಇಟ್ಟುಕೊಂಡು ಇದೇ ಬೆರಳುಗಳ ಚಿತ್ರ ತೆಗೆದು 2013ರಲ್ಲಿ ಬಿಡುಗಡೆ ಮಾಡಿತು. ಆ ಚಿತ್ರ ನಮಗೆ ಕೊನೆಯಲ್ಲಿ ಬೇಕಾಗುತ್ತದೆ.

ನಮ್ಮಲ್ಲೂ ಇದಕ್ಕೆ ಹತ್ತಿರದ ಉಪಕರಣವೊಂದಿದೆ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ಅದಕ್ಕೆ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು ಕಟ್ಟಿದ ಟಿರ್‌ಸ್ಪೆಕ್ ಎಂಬ ಇನ್‌ಫ್ರಾರೆಡ್ ಕ್ಯಾಮೆರಾ ಇದೆ. ಅದರ ಒಂದು ಪಿಕ್ಸೆಲ್ 0.3 ಆರ್ಕ್‌ಸೆಕೆಂಡ್. ವೆಬ್‌ನ ನಿಯರ್‌ಕ್ಯಾಮ್ ಕ್ಯಾಮೆರಾದ್ದು 0.031. ಅಂದರೆ ಟಿರ್‌ಸ್ಪೆಕ್‌ನ ಒಂದು ಪಿಕ್ಸೆಲ್ ಒಳಗೆ ನಿಯರ್‌ಕ್ಯಾಮ್‌ನ ಸುಮಾರು ನೂರು ಪಿಕ್ಸೆಲ್ ಕೂರುತ್ತವೆ. ಹಾಗಂತ ಇದು ಉಪಯೋಗಕ್ಕಿಲ್ಲ ಅಂತಲ್ಲ. ಎಳೆಯ ನಕ್ಷತ್ರ ಇದ್ದಕ್ಕಿದ್ದಂತೆ ಉರಿದೆದ್ದರೆ ತಿಂಗಳುಗಟ್ಟಲೆ ಕಾಯುತ್ತಾ ನೋಡಲು ಇಂಥದ್ದೇ ಬೇಕು. ವೆಬ್‌ನ ಸಮಯ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಹೆಜ್ಜೆ 2: ಏನೂ ಇಳಿಸದೆ ಮೊದಲು ಸುತ್ತಾಡಿ

ನೇರ ಡೌನ್‌ಲೋಡಿಗೆ ಹಾರಬೇಡಿ. ಇಎಸ್‌ಎ ಸ್ಕೈ ಅನ್ನುವ, ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಆಕಾಶ ನಕ್ಷೆ ಬ್ರೌಸರಿನಲ್ಲೇ ತೆರೆಯುತ್ತದೆ, ಫೋನಲ್ಲೂ ನಡೆಯುತ್ತದೆ. ಅದರಲ್ಲಿ ವೆಬ್ ತೆಗೆದ ಓರಿಯನ್‌ನ ದೊಡ್ಡ ಚಿತ್ರವಿದೆ. ಮಾರ್ಕ್ ಮೆಕಾಕ್ರೀನ್ ಮತ್ತು ಸ್ಯಾಮುಯೆಲ್ ಪಿಯರ್ಸನ್ ಮಾಡಿದ್ದು, 2023ರ ಅಕ್ಟೋಬರಿನಲ್ಲಿ ಹೊರಬಂತು.

ಮೊದಲು ಟ್ರೆಪೀಜಿಯಂ ಹುಡುಕಿ. ನಾಲ್ಕು ಉರಿಯುವ ನಕ್ಷತ್ರಗಳ ಗುಂಪು, ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ. ಅಲ್ಲಿಂದ ವಾಯವ್ಯಕ್ಕೆ, 70 ಆರ್ಕ್‌ಸೆಕೆಂಡ್‌ನಷ್ಟು ಸರಿಯಿರಿ. ಆಕಾಶದ ಚಿತ್ರದಲ್ಲಿ ಉತ್ತರ ಮೇಲಿದ್ದರೆ ಪೂರ್ವ ಎಡಕ್ಕೆ, ಪಶ್ಚಿಮ ಬಲಕ್ಕೆ. ಭೂಪಟದ ಉಲ್ಟಾ. ಹಾಗಾಗಿ ವಾಯವ್ಯ ಅಂದರೆ ಬಲಗಡೆ ಮೇಲೆ. ಅಲ್ಲಿ ದೂಳಿನ ಗವಿಯಿಂದ ಒಂದು ನಕ್ಷತ್ರ ಕೆಂಡದ ಹಾಗೆ ಇಣುಕುತ್ತಿರುತ್ತದೆ. ಅದೇ ಬಿಎನ್. 1967ರಲ್ಲಿ ಎರಿಕ್ ಬೆಕ್ಲಿನ್ ಮತ್ತು ಗೆರಿ ನ್ಯೂಗೆಬೌವರ್ ಕಂಡುಹಿಡಿದದ್ದು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅಲ್ಲಿ ಏನೂ ಇಲ್ಲ. ಇನ್‌ಫ್ರಾರೆಡ್‌ನಲ್ಲಿ ಅದು ಸುತ್ತಲಿನವರನ್ನೆಲ್ಲ ಮಂಕು ಮಾಡುತ್ತದೆ. ಅದರ ಸುತ್ತಿನಿಂದಲೇ ಬೆರಳುಗಳು ಹೊರಟಿವೆ.

ಇಲ್ಲಿ ಒಂದು ಗಂಟೆ ಸುಮ್ನೆ ಅಲೆದಾಡಿ. ಯಾವ ಬೆರಳು ಎಲ್ಲಿದೆ ಅಂತ ಕಣ್ಣಿಗೆ ರೂಢಿಯಾಗಬೇಕು. ಕಚ್ಚಾ ಫೈಲ್ ತೆರೆದಾಗ ಈ ರೂಢಿಯೇ ಕೈಹಿಡಿಯುವುದು.

ಹೆಜ್ಜೆ 3: ಫೈಲ್ ಇಳಿಸುವುದು

ವೆಬ್‌ನ ಎಲ್ಲ ಡೇಟಾ ಮಾಸ್ಟ್ ಅನ್ನುವ ಭಂಡಾರದಲ್ಲಿದೆ. ಸಾರ್ವಜನಿಕವಾದ ಫೈಲಿಗೆ ಖಾತೆ ಬೇಡ, ದುಡ್ಡು ಬೇಡ. ಹುಡುಕುವ ಫಾರ್ಮಿನಲ್ಲಿ ಪ್ರೋಗ್ರಾಂ ನಂಬರ್ 1256 ಅಂತ ಹಾಕಿ, ಉಪಕರಣ ನಿಯರ್‌ಕ್ಯಾಮ್ ಆರಿಸಿ.

ದಿನಾಂಕದ ಕಾಲಂ ನೋಡಿ. 2022ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರು. ಯಾಕೆ ಆಗಲೇ? ನಮ್ಮ ರೈತರಿಗೆ ಗೊತ್ತಿರುವ ವಿಷಯವೇ ಇದು. ಮೃಗಶಿರಾ ಮಳೆ, ಆರಿದ್ರಾ ಮಳೆ ಹುಯ್ಯುವ ಜೂನ್‌ನಲ್ಲಿ ಸೂರ್ಯ ಆ ನಕ್ಷತ್ರಗಳ ಪಕ್ಕದಲ್ಲೇ ಇರುತ್ತಾನೆ. ಮಳೆಗೆ ಆ ಹೆಸರು ಬಂದದ್ದೇ ಹಾಗೆ. ಮಹಾವ್ಯಾಧ ಆಗ ಹಗಲಿನ ಆಕಾಶದಲ್ಲಿ. ವೆಬ್ ತನ್ನ ಬಿಸಿಲಿನ ಕೊಡೆಯನ್ನು ಬಿಟ್ಟು ಇಣುಕುವ ಹಾಗಿಲ್ಲ. ಸೂರ್ಯನಿಂದ 85ರಿಂದ 135 ಡಿಗ್ರಿ ದೂರವಿರುವ ಆಕಾಶವನ್ನು ಮಾತ್ರ ಅದು ನೋಡಬಹುದು. ಸೆಪ್ಟೆಂಬರ್ ಕೊನೆಗೆ ಓರಿಯನ್ ಆ ಪಟ್ಟಿಯೊಳಗೆ ಬರುತ್ತದೆ.

ಫೈಲ್ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಹೆದರಬೇಡಿ. ಹೆಸರಿನ ಕೊನೆಗೆ ಐ2ಡಿ ಅಂತ ಇರುವ ಮೂರನೇ ಹಂತದ ಫೈಲ್‌ಗಳು ಮಾತ್ರ ಸಾಕು. ಅವು ಶುಚಿ ಮಾಡಿ, ತುಂಡುಗಳನ್ನು ಹೊಲಿದು ಒಂದು ಮಾಡಿದವು. ಫಿಲ್ಟರ್ ಅಂದರೆ ಆಯ್ದ ತರಂಗದ ಬೆಳಕನ್ನಷ್ಟೇ ಒಳಬಿಡುವ ಗಾಜು. ಫಿಲ್ಟರುಗಳಲ್ಲಿ ಇವಿಷ್ಟು ತೆಗೆದುಕೊಳ್ಳಿ: ಎಫ್212ಎನ್ ಅಂದರೆ ಕಾದ ಹೈಡ್ರೋಜನ್ ಅಣು. ಎಫ್162ಎಂ ಒಳಗೆ ಕಬ್ಬಿಣದ 1.64 ಬರುತ್ತದೆ. ಎಫ್115ಡಬ್ಲ್ಯೂ ನಕ್ಷತ್ರಗಳಿಗೆ. ಎಫ್182ಎಂ ಆಮೇಲೆ ಕಳೆಯುವುದಕ್ಕೆ.

ಇಲ್ಲಿ ಹೊಸಬರೆಲ್ಲ ಎಡವುವ ಕಲ್ಲೊಂದಿದೆ. ಎಫ್162ಎಂ ಅಂತ ಹುಡುಕಿದರೆ ಅದು ಅದೇ ಹೆಸರಿನಲ್ಲಿ ಸಿಗದೆ ಹೋಗಬಹುದು. ಯಾಕೆಂದರೆ ಆ ಗಾಜು ಕ್ಯಾಮೆರಾದ ಎರಡನೇ ಚಕ್ರದಲ್ಲಿ ಕೂತಿದೆ. ಅದನ್ನು ಬಳಸುವಾಗ ಮೊದಲ ಚಕ್ರದಲ್ಲಿ ಎಫ್150ಡಬ್ಲ್ಯೂ2 ಇರುತ್ತದೆ, ಫೈಲಿನ ಹೆಸರಿನಲ್ಲಿ ಎರಡೂ ಜೋಡಿಯಾಗಿ ಬರುತ್ತವೆ. ಹಾಗೇ ಎಫ್470ಎನ್ ಬೇಕಿದ್ದರೆ ಎಫ್444ಡಬ್ಲ್ಯೂ ಜೊತೆ ಹುಡುಕಿ. ನಾನು ಇದು ಗೊತ್ತಾಗದೆ ಒಂದು ಭಾನುವಾರ ಪೂರ್ತಿ, ಆ ಫಿಲ್ಟರಿನಲ್ಲಿ ಚಿತ್ರವನ್ನೇ ತೆಗೆದಿಲ್ಲ ಅಂತ ನಂಬಿ ಕೂತಿದ್ದೆ.

ಫೈಲ್‌ಗಳು ದೊಡ್ಡವು, ಒಂದೊಂದೂ ಹಲವು ಜಿಬಿ ಇರಬಹುದು. ಮೊಬೈಲ್ ಡೇಟಾದಲ್ಲಿ ಈ ಸಾಹಸ ಬೇಡ.

ಹೆಜ್ಜೆ 4: ತೆರೆಯುವುದು, ಕತ್ತರಿಸುವುದು

ಡಿಎಸ್9 ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ನೋಡಲು ತೊಂಬತ್ತರ ದಶಕದ್ದರ ಹಾಗಿದೆ, ಆದರೆ ಖಗೋಳದವರ ಮನೆಯ ಹಳೇ ಕೊಡಲಿ ಅದು, ಮೊಂಡಾಗುವುದೇ ಇಲ್ಲ. ಎಫ್212ಎನ್ ಫೈಲ್ ತೆರೆಯಿರಿ. ಪರದೆ ಪೂರ್ತಿ ಕಪ್ಪು ಕಂಡರೆ ಫೈಲ್ ಕೆಟ್ಟಿದೆ ಅಂತಲ್ಲ. ಸ್ಕೇಲ್ ಮೆನುವಿನಲ್ಲಿ ಲಾಗ್ ಆರಿಸಿ, ಆಮೇಲೆ ಝಡ್‌ಸ್ಕೇಲ್ ಒತ್ತಿ. ಕತ್ತಲೆಯಿಂದ ಬೆರಳುಗಳು ಎದ್ದು ಬರುತ್ತವೆ. ಮೊದಲ ಸಲ ನೋಡಿದಾಗ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಅವರಿಗೆ ಅಷ್ಟೇನೂ ಅನ್ನಿಸಲಿಲ್ಲ, ಅದು ಬೇರೆ ಮಾತು.

ಇಡೀ ಚಿತ್ರ ನಮಗೆ ಬೇಡ. ಬಿಎನ್ ಅನ್ನು ನಡುವೆ ಇಟ್ಟು ಸುಮಾರು ನಾಲ್ಕು ಆರ್ಕ್‌ಮಿನಿಟ್ (240 ಆರ್ಕ್‌ಸೆಕೆಂಡ್) ಅಗಲದ ಚೌಕ ಸಾಕು. ಆಕಾಶದ ರೇಖಾಂಶ, ಅಕ್ಷಾಂಶದ ಲೆಕ್ಕದಲ್ಲಿ ಬಿಎನ್ ಇರುವ ಜಾಗ 5:35:14.1 ಮತ್ತು -5:22:22.7. ಎಡಿಟ್ ಮೆನುವಿನಲ್ಲಿ ಕ್ರಾಪ್ ಇದೆ. ಕತ್ತರಿಸಿ ಬೇರೆ ಹೆಸರಿನಲ್ಲಿ ಉಳಿಸಿ. ನನ್ನ 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್, ಕತ್ತರಿಸದ ಮೂರು ಫೈಲ್ ಒಟ್ಟಿಗೆ ಕೊಟ್ಟಾಗ ಉಸಿರು ಬಿಟ್ಟಿತ್ತು. ಕತ್ತರಿಸಿದ ಮೇಲೆ ಬೆಣ್ಣೆಯ ಹಾಗೆ ಓಡಿತು.

ಹೆಜ್ಜೆ 5: ಸುಳ್ಳು ಯಾವುದು ಅಂತ ಗುರುತಿಸಿ

ಬಣ್ಣ ಹಚ್ಚುವ ಮುಂಚೆ ಈ ಹೆಜ್ಜೆ. ಎಲ್ಲರೂ ಹಾರಿ ಹೋಗುವುದು ಇದನ್ನೇ.

ಬಿಎನ್ ಮೇಲೆ ಜೂಮ್ ಮಾಡಿ. ನಟ್ಟನಡುವೆ ಬೆಳಕಿನ ಬದಲು ಕಪ್ಪು ತೂತು ಕಾಣುತ್ತದೆ. ಕಪ್ಪು ರಂಧ್ರ ಅಲ್ಲ ಮಾರಾಯರೇ. ಬೆಳಕು ಜಾಸ್ತಿಯಾಗಿ ಆ ಪಿಕ್ಸೆಲ್‌ಗಳು ತುಂಬಿ ಚೆಲ್ಲಿವೆ, ಸಾಫ್ಟ್‌ವೇರ್ ಅವುಗಳನ್ನು ಲೆಕ್ಕದಿಂದ ಕೈಬಿಟ್ಟಿದೆ. ಆ ತೂತಿನ ಸುತ್ತ ಉದ್ದುದ್ದ ಗೆರೆಗಳು ಹೊರಟಿರುತ್ತವೆ. ಆರು ದೊಡ್ಡವು, ಎರಡು ಚಿಕ್ಕವು. ಆರು ಬಂದದ್ದು ವೆಬ್‌ನ ಕನ್ನಡಿ ಆರು ಮೂಲೆಯ ಹಲಗೆಗಳಿಂದ ಆದದ್ದರಿಂದ. ಅಡ್ಡಡ್ಡ ಹೋಗುವ ಎರಡು ಚಿಕ್ಕವು ಮುಂದಿನ ಕನ್ನಡಿಯನ್ನು ಹಿಡಿದಿರುವ ಕಂಬದ್ದು.

ಎಳೆಯ ನಕ್ಷತ್ರದಿಂದ ಎದುರುಬದುರು ದಿಕ್ಕಿಗೆ ಚಿಮ್ಮುವ ಅನಿಲಕ್ಕೆ ಜೆಟ್ ಅನ್ನುತ್ತಾರೆ. ಈ ಗೆರೆಗಳೂ ಎದುರುಬದುರಾಗಿಯೇ ಇರುತ್ತವೆ. ಹೊಸಬರು ಇವನ್ನು ಜೆಟ್ ಅಂದುಕೊಂಡು ಕುಣಿದಾಡುವುದುಂಟು. ನಾನೂ ಕುಣಿದಿದ್ದೇನೆ. ಪರೀಕ್ಷೆ ಸುಲಭ. ಪಕ್ಕದ ಇನ್ನೊಂದು ಪ್ರಕಾಶಮಾನ ನಕ್ಷತ್ರ ನೋಡಿ. ಅದರ ಗೆರೆಗಳೂ ಅದೇ ದಿಕ್ಕಿಗೆ ಇದ್ದರೆ ಅದು ಟೆಲಿಸ್ಕೋಪಿನ ಕೈವಾಡ. ಎರಡು ನಕ್ಷತ್ರಗಳು ಮಾತಾಡಿಕೊಂಡು ಒಂದೇ ದಿಕ್ಕಿಗೆ ಉಗುಳುವುದಿಲ್ಲ. ಇನ್ನೊಂದು ಪರೀಕ್ಷೆ: ತರಂಗದ ಅಳತೆ ಜಾಸ್ತಿಯಾದಂತೆ ಈ ಗೆರೆಗಳ ವಿನ್ಯಾಸವೂ ಹಿಗ್ಗುತ್ತದೆ. ನಿಜವಾದ ಅನಿಲ ಇದ್ದ ಜಾಗದಲ್ಲೇ ಇರುತ್ತದೆ.

ಈ ಗೆರೆಗಳಿಂದ ಒಂದು ಉಪಕಾರವೂ ಇದೆ. ಬಿಎನ್‌ನ ನಡು ತೂತಾಗಿರುವುದರಿಂದ ಅದರ ಕೇಂದ್ರ ಎಲ್ಲಿ ಅಂತ ಹೇಗೆ ಗುರುತಿಸುವುದು? ಎದುರುಬದುರಿನ ಗೆರೆಗಳನ್ನು ಜೋಡಿಸಿ. ಅವು ಕೂಡುವ ಬಿಂದುವೇ ಕೇಂದ್ರ.

ಹೆಜ್ಜೆ 6: ಬಣ್ಣ

ಡಿಎಸ್9ನಲ್ಲಿ ಹೊಸ ಆರ್‌ಜಿಬಿ ಫ್ರೇಂ ತೆರೆಯಿರಿ. ಕೆಂಪಿಗೆ ಎಫ್212ಎನ್, ಹಸಿರಿಗೆ ಎಫ್162ಎಂ, ನೀಲಿಗೆ ಎಫ್115ಡಬ್ಲ್ಯೂ. ಉದ್ದ ತರಂಗಕ್ಕೆ ಕೆಂಪು, ಗಿಡ್ಡ ತರಂಗಕ್ಕೆ ನೀಲಿ ಅನ್ನುವುದು ಇಲ್ಲಿನ ರೂಢಿ. ಆಕಾಶದ ವಿಳಾಸದ ಮೇಲೆ ಮೂರನ್ನೂ ಹೊಂದಿಸಲು ಡಬ್ಲ್ಯೂಸಿಎಸ್ ಆರಿಸಿ. ಚಂದ ಮಾಡುವುದಿದ್ದರೆ ಸಿರಿಲ್, ಗಿಂಪ್ ಅನ್ನುವ ಉಚಿತ ತಂತ್ರಾಂಶಗಳಿವೆ. ಅಲ್ಲಿ ನಿಮ್ಮ ಕೈಚಳಕ ತೋರಿಸಿ, ನಾನು ಅಡ್ಡ ಬರುವುದಿಲ್ಲ.

ಈಗ ಒಂದೇ ಬೆರಳನ್ನು ಹಿಡಿದು, ಪಿಕ್ಸೆಲ್ ಕಾಣುವಷ್ಟು ಹತ್ತಿರ ಹೋಗಿ. ವಾಯವ್ಯದ ಕಡೆಯ ಯಾವುದಾದರೂ ಆಗಬಹುದು. ತುದಿಯಲ್ಲಿ ಹಸಿರು ಚುಕ್ಕೆ, ಉಗುರಿನ ಹಾಗೆ. ಅದರ ಹಿಂದೆ ಎರಡೂ ಪಕ್ಕಕ್ಕೆ ಜಾರಿದ ಕೆಂಪು ಅಂಚು. ಕೆರೆಯಲ್ಲಿ ತೆಪ್ಪ ಹೋದಾಗ ಹಿಂದೆ ಅಗಲವಾಗುತ್ತಾ ಬರುವ ಅಲೆಯ ಗೆರೆ ನೋಡಿದ್ದೀರಲ್ವಾ, ಅದೇ ಆಕಾರ. ಮಾನಿಟರಿಗೆ ಅಂಟಿಸಿದ ಚೀಟಿ ಈಗ ಓದಿ. ತುದಿಯಲ್ಲಿ ಏಟು ಬಲವಾದದ್ದು, ಹೈಡ್ರೋಜನ್ ಅಣು ಒಡೆದಿದೆ, ಕಬ್ಬಿಣ ಹೊಳೆಯುತ್ತಿದೆ. ಪಕ್ಕಗಳಲ್ಲಿ ಏಟು ಓರೆಯಾಗಿ ತಗುಲಿದೆ, ಅಣು ಉಳಿದುಕೊಂಡು ಕಾದಿದೆ. ಬಣ್ಣ ಇಲ್ಲಿ ಅಲಂಕಾರ ಅಲ್ಲ, ಡಿಕ್ಕಿಯ ಜೋರು ಎಷ್ಟು ಅನ್ನುವುದರ ವರದಿ.

1993ರಲ್ಲಿ ಡೇವಿಡ್ ಅಲೆನ್ ಮತ್ತು ಮೈಕಲ್ ಬರ್ಟನ್ ಆಸ್ಟ್ರೇಲಿಯಾದ ಟೆಲಿಸ್ಕೋಪಿನಲ್ಲಿ ಈ ಆಕಾರ ನೋಡಿಯೇ ಇದು ಸಿಡಿತ ಇರಬೇಕು ಅಂದರು. ಆಗಿನ ಚಿತ್ರ ಇದರ ಮುಂದೆ ಮಬ್ಬು. ಆ ಮಬ್ಬಿನಲ್ಲೇ ಹೇಳಿದ್ದು ನಿಜವಾಯಿತು.

ಹೆಜ್ಜೆ 7: ಕಳೆಯುವ ಲೆಕ್ಕ (ಬೇಕಿದ್ದರೆ)

ಎಫ್212ಎನ್‌ನಲ್ಲಿ ಬರುವುದು ಹೈಡ್ರೋಜನ್ ಅಣುವಿನ ಬೆಳಕು ಮಾತ್ರ ಅಲ್ಲ. ನಕ್ಷತ್ರಗಳ ಬೆಳಕು, ದೂಳಿನ ಮೇಲೆ ಬಿದ್ದು ಚದುರಿದ ಬೆಳಕು ಕೂಡ ಬೆರೆತಿರುತ್ತದೆ. ಸಿರಿಲ್‌ನ ಪಿಕ್ಸೆಲ್ ಮ್ಯಾತ್ ಬಳಸಿ ಎಫ್182ಎಂ ಅನ್ನು ಯಾವುದಾದರೊಂದು ಸಂಖ್ಯೆಯಿಂದ ಗುಣಿಸಿ, ಎಫ್212ಎನ್‌ನಿಂದ ಕಳೆಯಿರಿ. ನಕ್ಷತ್ರಗಳು ಹೆಚ್ಚುಕಮ್ಮಿ ಅಳಿಸಿಹೋಗುವ ಸಂಖ್ಯೆ ಸಿಗುವವರೆಗೆ ಬದಲಿಸುತ್ತಾ ಹೋಗಿ. ಉಪ್ಪು ನೋಡಿದ ಹಾಗೆ.

ಪೂರ್ತಿ ಅಳಿಸುವುದಿಲ್ಲ. ಪ್ರತಿ ನಕ್ಷತ್ರದ ಜಾಗದಲ್ಲಿ ಉದ್ದಿನವಡೆಯಂಥ ಉಂಗುರ ಉಳಿಯುತ್ತದೆ, ಏಕೆಂದರೆ ಎರಡು ತರಂಗಗಳಲ್ಲಿ ನಕ್ಷತ್ರದ ಚುಕ್ಕೆಯ ಗಾತ್ರ ಬೇರೆ ಬೇರೆ. ದೂಳು ಒಂದೊಂದು ಕಡೆ ಒಂದೊಂದು ದಪ್ಪ ಇರುವುದರಿಂದ ಒಂದೇ ಸಂಖ್ಯೆ ಎಲ್ಲ ಕಡೆಗೂ ಒಪ್ಪುವುದೂ ಇಲ್ಲ. ಬೆರಳುಗಳ ಅಂಚು ಚೆನ್ನಾಗಿ ಕಾಣಲು ಇಷ್ಟು ಸಾಕು. ಇದರ ಮೇಲೆ ಬೆಳಕಿನ ಪ್ರಮಾಣ ಅಳೆಯಲು ಹೋಗಬೇಡಿ.

ಹೆಜ್ಜೆ 8: ಬೆರಳುಗಳನ್ನು ಹಿಂದಕ್ಕೆ ಎಳೆಯಿರಿ

ಈ ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

ಡಿಎಸ್9ನ ರೀಜನ್ ಮೆನುವಿನಲ್ಲಿ ಗೆರೆ ಎಳೆಯುವ ಸೌಲಭ್ಯವಿದೆ. ಚೆನ್ನಾಗಿ ಕಾಣುವ ಒಂದು ಬೆರಳು ಆರಿಸಿ. ತುದಿಯಿಂದ ಶುರುಮಾಡಿ, ಬೆರಳಿನ ನಡುಗೆರೆ ಹಿಡಿದು, ಹಿಂದಕ್ಕೆ ಬಿಎನ್ ಕಡೆಗೆ ಉದ್ದವಾಗಿ ಎಳೆಯಿರಿ. ಹೀಗೆ ಕನಿಷ್ಠ ಹದಿನೈದು ಬೆರಳು. ಎಲ್ಲವೂ ವಾಯವ್ಯದವೇ ಆದರೆ ಗೆರೆಗಳು ಒಂದಕ್ಕೊಂದು ಹತ್ತಿರ ಹತ್ತಿರ ಹೋಗಿ ಎಲ್ಲಿ ಕೂಡುತ್ತವೆ ಅಂತ ಸ್ಪಷ್ಟವಾಗುವುದಿಲ್ಲ. ಬೇರೆ ಬೇರೆ ದಿಕ್ಕಿನವು ಇರಲಿ.

ಸಾಧಾರಣ ಎಳೆಯ ನಕ್ಷತ್ರದಲ್ಲಾದರೆ ಗೆರೆಗಳೆಲ್ಲ ಎರಡೇ ದಿಕ್ಕಿಗೆ, ನಕ್ಷತ್ರದ ಎರಡು ಪಕ್ಕಕ್ಕೆ ಹೋಗಬೇಕು. ನಕ್ಷತ್ರದ ಸುತ್ತ ತಟ್ಟೆ, ತಟ್ಟೆಗೆ ನೇರವಾಗಿ ಮೇಲೆ-ಕೆಳಗೆ ಜೆಟ್. ಪುಸ್ತಕದ ಚಿತ್ರ ಅದು. ಇಲ್ಲಿ ಹಾಗಿಲ್ಲ. ಗೆರೆಗಳು ಎಲ್ಲ ಕಡೆಯಿಂದ ಬಂದು ಒಂದೇ ಕಡೆ ಸೇರುತ್ತವೆ. ಚಿಲಿಯ ಆಲ್ಮಾ ರೇಡಿಯೋ ಟೆಲಿಸ್ಕೋಪಿನಲ್ಲಿ ಜಾನ್ ಬ್ಯಾಲಿ ಮತ್ತು ಸಂಗಡಿಗರು ನೂರಕ್ಕೂ ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಎಳೆಗಳನ್ನು ಹಿಡಿದು ಇದನ್ನೇ ಖಚಿತ ಮಾಡಿದರು.

ನಿಮ್ಮ ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ, ಕೆಲವು ಆರ್ಕ್‌ಸೆಕೆಂಡ್ ಅಗಲದ ಗೋಜಲಾಗುತ್ತದೆ. ಪರವಾಗಿಲ್ಲ. ಸಂಶೋಧಕರು ನಿಖರವಾಗಿ ಅಳೆದಿರುವ ಜಾಗ 5:35:14.36, -5:22:28.7. ನಿಮ್ಮ ಗೋಜಲಿನ ನಡು ಇದರ ಹತ್ತಿರ ಬಂದರೆ ಬೆನ್ನು ತಟ್ಟಿಕೊಳ್ಳಿ.

ಈಗ ಬಿಎನ್ ಕಡೆ ನೋಡಿ. ಅದು ಆ ಬಿಂದುವಿನಲ್ಲಿಲ್ಲ! ರೂಲರ್ ಇಟ್ಟು ಅಳೆಯಿರಿ. ಸುಮಾರು 7 ಆರ್ಕ್‌ಸೆಕೆಂಡ್ ದೂರ ಇದೆ.

ಹೆಜ್ಜೆ 9: ಯಾವಾಗ ಆಯಿತು?

ಬಿಎನ್ ನಿಂತಲ್ಲಿ ನಿಂತಿಲ್ಲ. ರೇಡಿಯೋ ಟೆಲಿಸ್ಕೋಪ್‌ಗಳು ವರ್ಷಗಟ್ಟಲೆ ಅದರ ಬೆನ್ನು ಹತ್ತಿ ಅಳೆದಿವೆ. ಸೆಕೆಂಡಿಗೆ ಸುಮಾರು 26 ಕಿಲೋಮೀಟರ್ ವೇಗದಲ್ಲಿ ವಾಯವ್ಯಕ್ಕೆ ಓಡುತ್ತಿದೆ. ಆಕಾಶದಲ್ಲಿ ಅದು ವರ್ಷಕ್ಕೆ ಎಷ್ಟು ಸರಿದಂತೆ ಕಾಣುತ್ತದೆ ಅನ್ನುವುದಕ್ಕೆ ಸೂತ್ರ ಹೀಗಿದೆ:

ವೇಗ = 4.74 × ವರ್ಷದ ಸರಿತ × ದೂರ

ವೇಗ ಸೆಕೆಂಡಿಗೆ ಕಿಲೋಮೀಟರಿನಲ್ಲಿ, ಸರಿತ ಆರ್ಕ್‌ಸೆಕೆಂಡಿನಲ್ಲಿ, ದೂರ ಪಾರ್ಸೆಕ್‌ನಲ್ಲಿ. ಒಂದು ಪಾರ್ಸೆಕ್ ಅಂದರೆ 3.26 ಜ್ಯೋತಿರ್ವರ್ಷ, ಹಾಗಾಗಿ ಓರಿಯನ್ 414 ಪಾರ್ಸೆಕ್. 26.5 ಅನ್ನು 4.74ರಿಂದಲೂ 414ರಿಂದಲೂ ಭಾಗಿಸಿದರೆ 0.0135. ಇನ್ನು 7 ಅನ್ನು 0.0135ರಿಂದ ಭಾಗಿಸಿ.

ಸುಮಾರು 520 ವರ್ಷ.

ಅಂದರೆ ಇಲ್ಲಿಂದ ನೋಡಿದವರಿಗೆ ಆ ಸಿಡಿತ ಕಾಣಬೇಕಾಗಿದ್ದದ್ದು ಹಂಪೆಯಲ್ಲಿ ತುಳುವ ವಂಶ ಪಟ್ಟಕ್ಕೆ ಬಂದ ಆಸುಪಾಸಿನಲ್ಲಿ. ಹತ್ತಿಪ್ಪತ್ತು ವರ್ಷ ಆಚೀಚೆ ಆಗಬಹುದು, ಹಟ ಹಿಡಿಯಬೇಡಿ. ದೂಳು ಅಡ್ಡ ಇದ್ದದ್ದರಿಂದ ಕಣ್ಣಿಗಂತೂ ಯಾರಿಗೂ ಕಂಡಿರಲಾರದು. ಬೆಳಕು ಇಲ್ಲಿಗೆ ಬರಲು ಹಿಡಿದ 1,350 ವರ್ಷ ಬೇರೆ ಸೇರಿಸಬೇಕು, ಅದು ಬೇರೆ ಲೆಕ್ಕ.

ಏನಾಗಿರಬಹುದು? ಈಗ ಹೆಚ್ಚಿನವರು ಒಪ್ಪುವ ಕಥೆ ಇದು. ಮೂರೋ ನಾಲ್ಕೋ ಎಳೆಯ ನಕ್ಷತ್ರಗಳು, ಅವುಗಳಲ್ಲಿ ಭಾರಿಯವೂ ಇದ್ದವು, ಒಂದಕ್ಕೊಂದು ತೀರ ಹತ್ತಿರ ಬಂದವು. ಎರಡು ಅಂಟಿಕೊಂಡವು, ಒಂದಾಗಿಯೇ ಹೋಗಿದ್ದರೂ ಹೋಗಿರಬಹುದು. ಆ ಜಗ್ಗಾಟದಲ್ಲಿ ಬಿಡುಗಡೆಯಾದ ಶಕ್ತಿ ಉಳಿದವರನ್ನು ಕವಣೆಕಲ್ಲಿನ ಹಾಗೆ ಎಸೆಯಿತು. ಸುತ್ತಲಿದ್ದ ಅನಿಲ ಸಿಡಿದು ಬೆರಳುಗಳಾಯಿತು. ಶಕ್ತಿಯ ಲೆಕ್ಕದಲ್ಲಿ ಇದು ಸೂಪರ್‌ನೋವಾದ ಸಾವಿರದಲ್ಲೊಂದು ಪಾಲೋ, ಅದಕ್ಕೂ ಕಮ್ಮಿಯೋ. ಆದರೂ ಹುಟ್ಟುಮನೆಯನ್ನೇ ಒಡೆದು ಹಾಕುವಷ್ಟು ಸಾಕು.

ಹೆಜ್ಜೆ 10: ಬುಲೆಟ್ ಓಡುವುದನ್ನು ಕಣ್ಣಾರೆ ನೋಡಿ

ಬಿಎನ್‌ನ ವೇಗ ಬೇರೆಯವರು ಅಳೆದದ್ದು. ಬುಲೆಟ್‌ನ ವೇಗ ನೀವೇ ಅಳೆಯಬಹುದು.

ಜೆಮಿನಿಯ 2013ರ ಚಿತ್ರ ಇಳಿಸಿ. ಅದರಲ್ಲಿ ಕಬ್ಬಿಣದ ತುದಿಗಳು ನೀಲಿ, ಹೈಡ್ರೋಜನ್ ಬಾಲಗಳು ಕಿತ್ತಳೆ. ಗಿಂಪ್‌ನಲ್ಲಿ ನಿಮ್ಮ ವೆಬ್ ಚಿತ್ರವನ್ನು ಒಂದು ಪದರ, ಜೆಮಿನಿಯದನ್ನು ಇನ್ನೊಂದು ಪದರ ಮಾಡಿ. ಮಾಮೂಲಿ ನಕ್ಷತ್ರ ಮೂರು-ನಾಲ್ಕು ಹಿಡಿದು, ತಿರುಗಿಸಿ, ಹಿಗ್ಗಿಸಿ, ಎರಡೂ ಪದರ ಸರಿಯಾಗಿ ಕೂರುವಂತೆ ಮಾಡಿ. ಆಧಾರಕ್ಕೆ ಬಿಎನ್ ಬೇಡ, ಅದೇ ಓಡುತ್ತಿದೆ ಅಂದೆನಲ್ಲ. ಅನಿಲದ ಗಂಟನ್ನೂ ಹಿಡಿಯಬೇಡಿ, ಅಳೆಯಬೇಕಾದದ್ದೇ ಅದು.

ಮೇಲಿನ ಪದರವನ್ನು ಆರಿಸುತ್ತಾ, ಹಚ್ಚುತ್ತಾ ನೋಡಿ. ನಕ್ಷತ್ರಗಳು ಅಲ್ಲೇ ಇರುತ್ತವೆ. ಹಸಿರು ಉಗುರು ಮಾತ್ರ ಟಕ್ ಅಂತ ಮುಂದಕ್ಕೆ ಜಿಗಿಯುತ್ತದೆ. ಎರಡು ಚಿತ್ರಗಳ ನಡುವೆ ಸುಮಾರು ಹತ್ತು ವರ್ಷ. ಸೆಕೆಂಡಿಗೆ 300 ಕಿಲೋಮೀಟರ್ ಓಡುವ ಬುಲೆಟ್ ಆ ಅವಧಿಯಲ್ಲಿ ಒಂದೂವರೆ ಆರ್ಕ್‌ಸೆಕೆಂಡ್ ಸರಿಯುತ್ತದೆ, ನಿಯರ್‌ಕ್ಯಾಮ್‌ನ ಲೆಕ್ಕದಲ್ಲಿ 48 ಪಿಕ್ಸೆಲ್. ನಿಮ್ಮ ಬುಲೆಟ್ ಎಷ್ಟು ಸರಿದಿದೆ ಅಳೆದು ಹತ್ತರಿಂದ ಭಾಗಿಸಿ, ಮೇಲಿನ ಸೂತ್ರಕ್ಕೆ ಹಾಕಿ. ಹತ್ತಿರದ ಗಂಟುಗಳು ನಿಧಾನ, ದೂರದವು ಜೋರು ಅಂತ ಕಂಡರೆ ಸರಿಯಾದ ದಾರಿಯಲ್ಲಿದ್ದೀರಿ. ಒಂದೇ ಹೊತ್ತಿಗೆ ಹೊರಟವರಲ್ಲಿ ಜೋರಾಗಿ ಓಡಿದವರು ತಾನೆ ದೂರ ಹೋಗಿರುವುದು? ತೀರ ತುದಿಯ ಕೆಲವು ಈ ಲೆಕ್ಕಕ್ಕೆ ಪೂರ್ತಿ ಹೊಂದುವುದಿಲ್ಲ. ದಾರಿಯಲ್ಲಿ ಅನಿಲಕ್ಕೆ ಗುದ್ದಿ ಗುದ್ದಿ ಅವು ವೇಗ ಕಳೆದುಕೊಂಡಿವೆ.

ಚಿತ್ರ ಉಳಿಸುವ ಮುಂಚೆ ಇನ್ನೊಂದು ಗುರುತು ಹಾಕಿ. ಗೆರೆಗಳೆಲ್ಲ ಕೂಡಿದ ಬಿಂದುವಿನಿಂದ ಬಿಎನ್‌ಗೆ ಹೆಚ್ಚುಕಮ್ಮಿ ಎದುರು ದಿಕ್ಕಿಗೆ, ಆಗ್ನೇಯಕ್ಕೆ, 3 ಆರ್ಕ್‌ಸೆಕೆಂಡ್ ಹೋಗಿ. 5:35:14.51, -5:22:30.6. ಅಲ್ಲೊಂದು ಪುಟ್ಟ ಕೂಡು ಗುರುತು ಬರೆಯಿರಿ. ಅದು ಸೋರ್ಸ್ ಐ. ಸೂರ್ಯನ ಸುಮಾರು ಹದಿನೈದು ಪಟ್ಟು ತೂಕ, ಸೆಕೆಂಡಿಗೆ ಹತ್ತು ಕಿಲೋಮೀಟರ್ ಆಸುಪಾಸಿನ ವೇಗ. 3 ಆರ್ಕ್‌ಸೆಕೆಂಡನ್ನು ಅದೇ ಸೂತ್ರಕ್ಕೆ ಹಾಕಿದರೆ ಅದಕ್ಕೂ ಐನೂರು ಚಿಲ್ಲರೆ ವರ್ಷವೇ ಬರುತ್ತದೆ. ಬಿಎನ್‌ನ ಜೊತೆಯಲ್ಲೇ ಎಸೆಯಲ್ಪಟ್ಟ ಜೊತೆಗಾರ. ಆದರೆ ನಿಮ್ಮ ಚಿತ್ರದಲ್ಲಿ ಆ ಗುರುತಿನ ಕೆಳಗೆ ಎಷ್ಟು ಜೂಮ್ ಮಾಡಿದರೂ ನಕ್ಷತ್ರ ಸಿಗುವುದಿಲ್ಲ. ಅಲ್ಲಿನ ದೂಳು ಇನ್‌ಫ್ರಾರೆಡ್‌ಗೂ ಗೋಡೆಯೇ. ಅದನ್ನು ಕಂಡದ್ದು ರೇಡಿಯೋದಲ್ಲಿ.